ಎಂಬತ್ತು ಅಕ್ಷರದ ಕಿಟಕಿ

ಹಳೇ ಸಿಂಥಸೈಜರ್‌ನಲ್ಲಿ ಮೊದಲು ಕೆಡೋದು ಯಾವುದು ಅಂತ ಕೇಳಿದರೆ ಹೆಚ್ಚಿನವರು ಕೀಗಳು ಅಂತಾರೆ. ದಿನಾ ಬೆರಳಿನ ಪೆಟ್ಟು ತಿನ್ನೋದು ಅವೇ ತಾನೆ? ಆದರೆ 1980ರ ದಶಕದ ವಾದ್ಯಗಳನ್ನು ಬಿಚ್ಚಿ ನೋಡಿದವರು ಬೇರೆಯದೇ ಹೇಳುತ್ತಾರೆ. ಕೀಗಳು ಗಟ್ಟಿಯಾಗಿರುತ್ತವೆ, ಸದ್ದು ಹುಟ್ಟಿಸುವ ಚಿಪ್‌ಗಳೂ ಬಹುಪಾಲು ಚೆನ್ನಾಗಿಯೇ ಇರುತ್ತವೆ. ಯಾರೂ ಮುಟ್ಟದ, ಬರೀ ನೋಡುವುದಕ್ಕೆ ಅಂತ ಇಟ್ಟಿರುವ ಡಿಸ್‌ಪ್ಲೇ ಎಷ್ಟೋ ಸಲ ಎಲ್ಲಕ್ಕಿಂತ ಮೊದಲು ಮಂಕಾಗುತ್ತೆ.

ತಮಾಷೆ ಅಂದರೆ ಡಿಸ್‌ಪ್ಲೇ ಸತ್ತರೂ ವಾದ್ಯ ಸಾಯುವುದಿಲ್ಲ. ಕೀ ಒತ್ತಿದರೆ ಸದ್ದು ಬರುತ್ತೆ. ಆದರೆ ಯಾವ ಸದ್ದು, ಅದನ್ನು ಬದಲಾಯಿಸೋದು ಹೇಗೆ, ಉಳಿಸಿಕೊಳ್ಳೋದು ಹೇಗೆ ಅನ್ನೋದೆಲ್ಲ ಬಂದ್. ಕಿವಿಗಾಗಿ ಹುಟ್ಟಿದ ವಾದ್ಯವೊಂದು ಕಣ್ಣಿಲ್ಲದೆ ನಡೆಯಲಾರದ ಸ್ಥಿತಿಗೆ ಬಂದದ್ದು ಹೇಗೆ? ಅದು ಸುಮಾರು ಇಪ್ಪತ್ತೈದು ವರ್ಷಗಳ ಚರಿತ್ರೆ. ಆ ಕಣ್ಣು ಹೋದ ಮೇಲೂ ಇವತ್ತು ಹೊಸದು ಹಾಕಲು ಸಾಧ್ಯವಾಗಿರುವುದರ ಹಿಂದೆ ಇನ್ನೊಂದು ಚರಿತ್ರೆಯಿದೆ. ಎರಡನೆಯದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ, ಯಾಕಂದರೆ ಅದರಲ್ಲಿ ಹೀರೋ ಇಲ್ಲ. ಇರೋದು ಹದಿನಾಲ್ಕು ತಂತಿ ಮಾತ್ರ.

ಶುರುವಿನಿಂದ ಬರೋಣ. ಅಮೆರಿಕದ ರಾಬರ್ಟ್ ಮೋಗ್ 1964ರಲ್ಲಿ ಮಾಡ್ಯುಲರ್ ಸಿಂಥಸೈಜರ್‌ನ ಮೊದಲ ಮಾದರಿ ಕಟ್ಟಿದಾಗ ಅದರಲ್ಲಿ ಡಿಸ್‌ಪ್ಲೇ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. 1969ರಲ್ಲಿ ಡೇವಿಡ್ ಟ್ಯೂಡರ್ ಅಹಮದಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್‌ನಲ್ಲಿ ಎಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೋ ಕಟ್ಟಿದಾಗ ಅಲ್ಲಿಗೆ ಬಂದದ್ದೂ ಮೋಗ್ ಯಂತ್ರವೇ. ತುಂಬಾ ನಾಬ್‌ಗಳು, ತುಂಬಾ ವೈರ್‌ಗಳು. 1970ರ ಮಿನಿಮೋಗ್ ವೈರ್‌ಗಳ ಗೋಜಲನ್ನು ಒಳಗೆ ಅಡಗಿಸಿತು, ನಾಬ್‌ಗಳನ್ನು ಹಾಗೇ ಉಳಿಸಿಕೊಂಡಿತು.

ಅಲ್ಲಿ ನಾಬೇ ಡಿಸ್‌ಪ್ಲೇ. ಅಡುಗೆಮನೆಯ ಗ್ಯಾಸ್ ಸ್ಟವ್ ನೆನಪಿಸಿಕೊಳ್ಳಿ. ನಾಬ್ ಎಷ್ಟು ತಿರುಗಿದೆ ಅಂತ ನೋಡಿದರೆ ಉರಿ ಎಷ್ಟಿದೆ ಅಂತ ಗೊತ್ತಾಗುತ್ತೆ, ಪಕ್ಕದಲ್ಲಿ ಇನ್ನೊಂದು ಪರದೆ ಬೇಕಿಲ್ಲ. ಕಷ್ಟ ಇದ್ದದ್ದು ನೆನಪಿನಲ್ಲಿ. ಇವತ್ತು ಒಂದು ಒಳ್ಳೇ ಸದ್ದು ಮಾಡಿಕೊಂಡರೆ ನಾಳೆಗೆ ಅದು ಉಳಿಯುತ್ತಿರಲಿಲ್ಲ. ಅದಕ್ಕೆ ವಾದ್ಯದ ಮುಖದ ಚಿತ್ರ ಅಚ್ಚು ಹಾಕಿದ ಹಾಳೆಗಳಿದ್ದವು. ನುಡಿಸುವವರು ಪ್ರತಿ ನಾಬ್ ಎಲ್ಲಿದೆ ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟುಕೊಂಡು, ಮುಂದಿನ ಸಲ ನೋಡಿ ನೋಡಿ ತಿರುಗಿಸಬೇಕಿತ್ತು.

1978ರಲ್ಲಿ ಕ್ಯಾಲಿಫೋರ್ನಿಯಾದ ಸೀಕ್ವೆನ್ಷಿಯಲ್ ಸರ್ಕಿಟ್ಸ್‌ನ ಡೇವ್ ಸ್ಮಿತ್ ಆ ಹಾಳೆಗಳ ಕೆಲಸವನ್ನು ಮೈಕ್ರೋಪ್ರೊಸೆಸರ್‌ಗೆ ಕೊಟ್ಟರು. ಪ್ರಾಫೆಟ್-5 ಅನ್ನುವ ಅವರ ವಾದ್ಯ 40 ಸದ್ದುಗಳನ್ನು ನೆನಪಿಟ್ಟುಕೊಳ್ಳುತ್ತಿತ್ತು. ಬಟನ್ ಒತ್ತಿದರೆ ಸಾಕು, ಹೋದ ವಾರ ಮಾಡಿದ ಸದ್ದು ವಾಪಸ್. ಸಂಗೀತಗಾರರಿಗೆ ಇದು ಹಬ್ಬ.

ಆದರೆ ಆ ಹೊತ್ತಿಗೆ ಸದ್ದಿಲ್ಲದೆ ಇನ್ನೊಂದು ಬದಲಾವಣೆ ಆಯಿತು. ನೆನಪಿನಿಂದ ಸದ್ದನ್ನು ಕರೆದಾಗ ನಾಬ್‌ಗಳು ತಾವಾಗಿ ತಿರುಗುವುದಿಲ್ಲ, ಕೈ ಬಿಟ್ಟಲ್ಲೇ ಇರುತ್ತವೆ. ಅಂದರೆ ಕಿವಿಗೆ ಕೇಳುತ್ತಿರುವುದು ಒಂದು, ನಾಬ್ ತೋರಿಸುತ್ತಿರುವುದು ಇನ್ನೊಂದು. ಅಲ್ಲಿಯವರೆಗೆ ಸುಳ್ಳು ಹೇಳದಿದ್ದ ನಾಬ್ ಈಗ ಸುಳ್ಳು ಹೇಳತೊಡಗಿತು. ನಿಜ ಹೇಳುವುದಕ್ಕೆ ಬೇರೆ ಯಾರಾದರೂ ಬೇಕಲ್ಲ? ಹಾಗೆ ಬಂದವು ಕೆಂಪು ಎಲ್‌ಇಡಿ ಅಂಕಿಗಳು. ನೀನೀಗ ಇಷ್ಟನೇ ಸದ್ದಿನಲ್ಲಿದ್ದೀಯ ಅಂತ ಹೇಳುವುದಷ್ಟೇ ಅವುಗಳ ಕೆಲಸ. ಸಿಂಥಸೈಜರ್‌ಗೆ ಕಣ್ಣಿನ ಅವಲಂಬನೆ ಶುರುವಾದದ್ದು ಹೀಗೆ.

ಐದೇ ವರ್ಷದಲ್ಲಿ ಅದು ಪೂರ್ತಿಯಾಯಿತು. ಸ್ಟ್ಯಾನ್‌ಫರ್ಡ್‌ನ ಜಾನ್ ಚೌನಿಂಗ್ 1967ರಲ್ಲಿ ಕಂಡುಕೊಂಡ ಎಫ್‌ಎಂ ವಿಧಾನವನ್ನು ಜಪಾನಿನ ಯಮಹಾ ಲೈಸೆನ್ಸ್ ಪಡೆದು, 1983ರಲ್ಲಿ ಡಿಎಕ್ಸ್7 ಅನ್ನು ಮಾರುಕಟ್ಟೆಗೆ ಬಿಟ್ಟಿತು. ಎಂಬತ್ತರ ದಶಕದ ಯಾವ ದೇಶದ ಸಿನಿಮಾ ಹಾಡಾದರೂ ಸರಿ, ಗಾಜಿನ ಗಂಟೆಯಂಥ ಎಲೆಕ್ಟ್ರಿಕ್ ಪಿಯಾನೋ ಸದ್ದು ಕೇಳಿಸಿದರೆ ಅದು ಇದರದ್ದೇ ಇರಬಹುದು. ಒಂದೊಂದು ಸದ್ದಿಗೆ 140ಕ್ಕೂ ಹೆಚ್ಚು ಮೌಲ್ಯಗಳನ್ನು ಹೊಂದಿಸಬೇಕು. ಅಷ್ಟಕ್ಕೂ ನಾಬ್ ಕೊಟ್ಟರೆ ವಾದ್ಯ ಬಸ್ಸಿನಷ್ಟು ಉದ್ದ ಆಗುತ್ತಿತ್ತು. ಹಾಗಾಗಿ ಮೌಲ್ಯ ಬದಲಿಸಲು ಒಂದು ಸ್ಲೈಡರ್, ಒಂದಷ್ಟು ಚಪ್ಪಟೆ ಬಟನ್, ಮಧ್ಯದಲ್ಲಿ ಎರಡು ಸಾಲಿನ, ಸಾಲಿಗೆ 16 ಅಕ್ಷರದ ಎಲ್‌ಸಿಡಿ. ಹಿಂಬೆಳಕೂ ಇಲ್ಲ.

ಒಂದು ದೊಡ್ಡ ಮನೆ ಕಟ್ಟಿ ಅದಕ್ಕೆ ಅಂಗೈ ಅಗಲದ ಒಂದೇ ಕಿಟಕಿ ಇಟ್ಟ ಹಾಗೆ. ಒಳಗಿರುವ ಯಾವ ಕೋಣೆ ನೋಡಬೇಕಾದರೂ ಅದರಲ್ಲೇ ಇಣುಕಬೇಕು. ತುಂಬಾ ಜನ ಇಣುಕುವ ಗೋಜಿಗೇ ಹೋಗದೆ, ಫ್ಯಾಕ್ಟರಿಯಿಂದ ಬಂದ ಸದ್ದುಗಳನ್ನೇ ನುಡಿಸಿದರು. 1987ರಲ್ಲಿ ರೋಲೆಂಡ್ ತನ್ನ ಡಿ-50 ಜೊತೆ ಸ್ಲೈಡರ್‌ಗಳಿರುವ ಇನ್ನೊಂದು ಪೆಟ್ಟಿಗೆಯನ್ನು ಬೇರೆಯಾಗಿ ಮಾರಿತು. ನಾಬ್ ಕಳೆದುಕೊಂಡ ದುಃಖಕ್ಕೆ ಅದೂ ಒಂದು ಸಾಕ್ಷಿ. 1988ರಲ್ಲಿ ಬಂದ ಕೋರ್ಗ್ ಎಂ1 ಸದ್ದಿನ ಜೊತೆ ಡ್ರಮ್, ಎಫೆಕ್ಟ್, ಸೀಕ್ವೆನ್ಸರ್ ಎಲ್ಲವನ್ನೂ ಒಂದೇ ಪೆಟ್ಟಿಗೆಗೆ ತುಂಬಿತು. ಒಬ್ಬನೇ ಮನುಷ್ಯ ಇಡೀ ಹಾಡು ಕಟ್ಟಬಹುದು, ಎರಡು ಸಾಲಿನ, ಸಾಲಿಗೆ 40 ಅಕ್ಷರದ ಕಿಟಕಿಯಲ್ಲಿ ಇಣುಕಿಕೊಂಡು.

ಈ 40 ಅನ್ನುವ ಸಂಖ್ಯೆ ಎಲ್ಲಿಂದ ಬಂತು? ಅದು ಸಂಗೀತದ ಲೆಕ್ಕವಲ್ಲ. ಆ ಕಾಲದ ಅಕ್ಷರ ತೋರಿಸುವ ಎಲ್‌ಸಿಡಿಗಳ ಹಿಂದೆ ಹಿಟಾಚಿ ಕಂಪನಿಯ ಎಚ್‌ಡಿ44780 ಅನ್ನುವ ಚಿಪ್ ಅಥವಾ ಅದರಂತೆ ನಡೆಯುವ ಇನ್ನೊಂದು ಕೂತಿರುತ್ತಿತ್ತು. ಅದರೊಳಗೆ ತೋರಿಸಬೇಕಾದ ಅಕ್ಷರಗಳಿಗೆ ಇರುವ ಜಾಗ ಸರಿಯಾಗಿ 80 ಬೈಟ್. ಎರಡು ಸಾಲು ಮಾಡಿದರೆ ಸಾಲಿಗೆ 40. ಒಂದು ಚಿಪ್‌ನ ಮಿತಿ ಒಂದು ಪೀಳಿಗೆಯ ಸಂಗೀತಗಾರರ ಕಿಟಕಿಯ ಅಳತೆ ಆಯಿತು. ಇಂಜಿನಿಯರಿಂಗ್ ಓದಿದವರಿಗೆ ಈ ಚಿಪ್ ಪರಿಚಯ ಇರಲೇಬೇಕು. ಕಾಲೇಜಿನ ಪ್ರಾಜೆಕ್ಟಿನಲ್ಲಿ ಆರ್ಡುಯಿನೊಗೆ ಜೋಡಿಸಿ ಹೆಸರು ಮೂಡಿಸಿದ ಆ ಹಸಿರು ಅಥವಾ ನೀಲಿ ಡಿಸ್‌ಪ್ಲೇ ಇದೆಯಲ್ಲ, ಅದೇ ಕುಟುಂಬದ್ದು.

ಕಿಟಕಿಯ ಗಾಜಿನದ್ದೇ ಒಂದು ಕಥೆ ಇದೆ. 1888ರಲ್ಲಿ ಪ್ರಾಗ್‌ನಲ್ಲಿದ್ದ ಫ್ರೆಡ್ರಿಕ್ ರೈನಿಟ್ಸರ್ ಎಂಬ ಸಸ್ಯವಿಜ್ಞಾನಿ, ಕ್ಯಾರೆಟ್‌ನಿಂದ ತೆಗೆದ ಕೊಲೆಸ್ಟೆರಾಲ್‌ನ ಒಂದು ಸಂಯುಕ್ತವನ್ನು ಬಿಸಿ ಮಾಡುತ್ತಿದ್ದಾಗ ಅದು ಎರಡು ಸಲ ಕರಗಿತು. 145.5 ಡಿಗ್ರಿಗೆ ಮಬ್ಬು ದ್ರವ, 178.5 ಡಿಗ್ರಿಗೆ ತಿಳಿ ದ್ರವ. ಮಧ್ಯದ ಆ ಮಬ್ಬು ಸ್ಥಿತಿಯೇ ದ್ರವ ಸ್ಫಟಿಕ. ನೀರಿನಂತೆ ಹರಿಯುತ್ತೆ, ಆದರೆ ಅಣುಗಳು ಹರಳಿನಲ್ಲಿ ಇರುವ ಹಾಗೆ ಒಂದು ದಿಕ್ಕಿಗೆ ಸಾಲಾಗಿ ನಿಂತಿರುತ್ತವೆ. 1970ರ ಹೊತ್ತಿಗೆ ಇದನ್ನು ಎರಡು ಗಾಜಿನ ನಡುವೆ, ಕೂದಲಿಗಿಂತ ತೆಳ್ಳಗಿನ ಸಂದಿಯಲ್ಲಿ ತಿರುಚಿ ನಿಲ್ಲಿಸುವ ಉಪಾಯ ಸಿಕ್ಕಿತು. ಆ ತಿರುಚು ಬೆಳಕನ್ನೂ ತಿರುಗಿಸಿ ಆಚೆ ಕಳಿಸುತ್ತೆ. ವಿದ್ಯುತ್ ಕೊಟ್ಟರೆ ತಿರುಚು ಬಿಡಿಸಿಕೊಂಡು ಬೆಳಕು ತಡೆದುಹೋಗುತ್ತೆ. ಅಲ್ಲೊಂದು ಕಪ್ಪು ಚುಕ್ಕಿ. ಐದು ಅಡ್ಡ, ಎಂಟು ಉದ್ದ ಇಂಥ ಚುಕ್ಕಿ ಸೇರಿದರೆ ಒಂದು ಅಕ್ಷರದ ಮನೆ.

ಈ ವಿಜ್ಞಾನದಲ್ಲಿ ಬೆಂಗಳೂರಿಗೂ ಒಂದು ಪುಟ ಇದೆ ಅನ್ನೋದು ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಎಸ್. ಚಂದ್ರಶೇಖರ್ ಆಮೇಲೆ ರಾಮನ್ ಸಂಶೋಧನಾ ಸಂಸ್ಥೆಗೆ ಬಂದರು. 1977ರಲ್ಲಿ ಅವರು, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಸೇರಿ, ಕಡ್ಡಿಯಂಥ ಅಣುಗಳಷ್ಟೇ ಅಲ್ಲ, ಬಿಲ್ಲೆಯಂಥ ಅಣುಗಳೂ ಒಂದರ ಮೇಲೊಂದು ಪೇರಿಕೊಂಡು ದ್ರವ ಸ್ಫಟಿಕ ಆಗುತ್ತವೆ ಅಂತ ತೋರಿಸಿದರು. ನಾನು ಹೇಳುತ್ತಿರುವ ಸಿಂಥ್ ಡಿಸ್‌ಪ್ಲೇಗಳಲ್ಲಿ ಇರೋದು ಕಡ್ಡಿಯಂಥವೇ. ಬಿಲ್ಲೆಯಂಥವು ಮುಂದೆ ಎಲ್‌ಸಿಡಿ ಪರದೆಯನ್ನು ಓರೆಯಿಂದ ನೋಡಿದರೂ ಚಿತ್ರ ಕೆಡದ ಹಾಗೆ ಮಾಡುವ ಪೊರೆಗಳಲ್ಲಿ ಬಳಕೆಗೆ ಬಂದವು.

ಸರಿ, ಇಷ್ಟು ಚೆಂದದ ಗಾಜು ಕೆಡೋದು ಯಾಕೆ? ಸಾಮಾನ್ಯವಾಗಿ ದ್ರವ ಸ್ಫಟಿಕದ ತಪ್ಪಲ್ಲ, ಅದರ ನೆಂಟರದ್ದು. ಮೊದಲನೆಯದು ಹಿಂಬೆಳಕು. ಆ ಕಾಲದಲ್ಲಿ ಬಿಳಿ ಎಲ್‌ಇಡಿ ಇನ್ನೂ ಹುಟ್ಟಿರಲಿಲ್ಲ. ಹಾಗಾಗಿ ಎಲೆಕ್ಟ್ರೋಲ್ಯೂಮಿನೆಸೆಂಟ್ ಅನ್ನುವ ತೆಳು ಹಾಳೆಯನ್ನು ಗಾಜಿನ ಹಿಂದೆ ಅಂಟಿಸುತ್ತಿದ್ದರು. ಅದು ಹೊಳೆಯಲು ಸುಮಾರು ನೂರು ವೋಲ್ಟ್ ಎಸಿ ಬೇಕು. ಅದಕ್ಕಾಗಿ ಒಳಗೊಂದು ಪುಟ್ಟ ಇನ್ವರ್ಟರ್, ಅದರದ್ದೊಂದು ಸೊಳ್ಳೆಯಂಥ ಗುಂಯ್ ಸದ್ದು. ಹಾಳೆಯ ಆಯಸ್ಸು ಕೆಲವು ಸಾವಿರ ಗಂಟೆ. ಆಮೇಲೆ ಮಂಕು, ಆಮೇಲೆ ಕತ್ತಲೆ. ಎರಡನೆಯದು ಗಾಜಿಗೂ ಸರ್ಕಿಟ್ ಬೋರ್ಡಿಗೂ ನಡುವೆ ಇರುವ, ಕರೆಂಟ್ ಹರಿಸುವ ರಬ್ಬರ್ ಪಟ್ಟಿ. ಅದು ಸಡಿಲವಾದರೆ ಅಕ್ಷರಗಳಲ್ಲಿ ಅಡ್ಡ, ಉದ್ದ ಗೆರೆಗಳು ಮಾಯ. ಮೂರನೆಯದು ಗಾಜಿನ ಮೇಲಿನ ಪೋಲರೈಸರ್ ಪೊರೆ. ತೇವಕ್ಕೆ, ಬಿಸಿಗೆ ಅದು ಬಣ್ಣ ಬಿಟ್ಟು ಏಳುತ್ತೆ.

ಇದೆಲ್ಲ ನನ್ನ ಕೈಗೆ ಬಂದದ್ದು ಮೈಸೂರಿನ ಚಿಕ್ಕಪ್ಪನ ಕೀಬೋರ್ಡ್ ಮೂಲಕ. ತೊಂಬತ್ತರ ದಶಕದಲ್ಲಿ ಅವರು ಒಂದು ಆರ್ಕೆಸ್ಟ್ರಾದಲ್ಲಿದ್ದರು. ಮೈಸೂರು, ಮಂಡ್ಯ ಸುತ್ತಲಿನ ಗಣೇಶನ ಪೆಂಡಾಲು, ಮದುವೆ ಆರತಕ್ಷತೆ, ಊರಹಬ್ಬ, ಎಲ್ಲ ಕಡೆ ನುಡಿಸಿದವರು. ಎಂಬತ್ತರ ಕೊನೆಯಲ್ಲಿ ತಯಾರಾದ ಅವರ ಕೀಬೋರ್ಡಿನ ಡಿಸ್‌ಪ್ಲೇ ಕಪ್ಪಾಗಿ ಆರೇಳು ವರ್ಷ ಆಗಿತ್ತು. ಆದರೂ ಭಜನೆಗೆ ನುಡಿಸುತ್ತಿದ್ದರು. "ಕಣ್ಣು ಹೋಗಿದೆ ಕಣೋ, ಬಾಯಿ ಚೆನ್ನಾಗೇ ಇದೆ" ಅಂತಿದ್ದರು. ಆನ್ ಮಾಡಿದರೆ ಯಾವಾಗಲೂ ಮೊದಲನೇ ಸದ್ದಿಗೆ ಬಂದು ನಿಲ್ಲುತ್ತೆ, ಅಲ್ಲಿಂದ ಹದಿನೇಳು ಸಲ ಒತ್ತಿದರೆ ವಯಲಿನ್ ಗುಂಪು, ಹೀಗೆ ಲೆಕ್ಕ.

"ಹೊಸದು ತಗೊಳ್ಳಿ ಚಿಕ್ಕಪ್ಪ, ಅದೇ ಸದ್ದುಗಳು ಈಗ ಐಪ್ಯಾಡಿನಲ್ಲೇ ಸಿಗುತ್ತೆ" ಅಂತ ಮನೆಯಲ್ಲಿ ಎಲ್ಲರೂ ಹೇಳಿದ್ದರು. ಸಿಗುತ್ತೆ, ನಿಜ. ಆದರೆ ಸಿಗೋದು ಫ್ಯಾಕ್ಟರಿಯ ಸದ್ದುಗಳು. ಚಿಕ್ಕಪ್ಪ ತಾವೇ ಕೂತು ತಿದ್ದಿ ಮಾಡಿಕೊಂಡ ಮೂವತ್ತು ಚಿಲ್ಲರೆ ಸದ್ದುಗಳು ಇದ್ದದ್ದು ಆ ಪೆಟ್ಟಿಗೆಯಲ್ಲಿ ಮಾತ್ರ. ಒಬೋ ಸದ್ದನ್ನು ಬಗ್ಗಿಸಿ ಮಾಡಿದ ವಾಲಗ, ಡ್ರಮ್ಮಿನ ಶ್ರುತಿ ಏರಿಸಿ ಮಾಡಿದ ತಮಟೆ, ಇಂಥವು. ಅವನ್ನೆಲ್ಲ ಹಿಡಿದಿಟ್ಟಿದ್ದದ್ದು ಬೋರ್ಡಿನ ಮೇಲಿನ ಮೂರು ವೋಲ್ಟಿನ, ರೂಪಾಯಿ ಬಿಲ್ಲೆಯಂಥ ಒಂದು ಲಿಥಿಯಂ ಬ್ಯಾಟರಿ. ಅದು ಮುಗಿದ ದಿನ ಎಲ್ಲವೂ ಖಾಲಿ. ಸದ್ದುಗಳನ್ನು ಮಿಡಿ ಕೇಬಲ್ ಮೂಲಕ ಕಂಪ್ಯೂಟರಿಗೆ ಕಳಿಸಿ ಉಳಿಸಬಹುದು. ಆದರೆ ಕಳಿಸು ಅನ್ನುವ ಆಜ್ಞೆ ಇರೋದು ಮೆನುವಿನ ಒಳಗಿನ ಮೆನುವಿನಲ್ಲಿ. ಅದರ ಪಕ್ಕದಲ್ಲೇ ಎಲ್ಲವನ್ನೂ ಅಳಿಸಿ ಫ್ಯಾಕ್ಟರಿ ಸದ್ದು ತುಂಬುವ ಆಜ್ಞೆಯೂ ಇದೆ. ಕುರುಡಾಗಿ ಒತ್ತೋ ಹಾಗಿಲ್ಲ.

ಹಾಗಾಗಿ ಕೆಲಸದ ಕ್ರಮ ತಾನಾಗೇ ತೀರ್ಮಾನ ಆಯಿತು. ಬ್ಯಾಟರಿ ಬದುಕಿರುವಾಗಲೇ ಡಿಸ್‌ಪ್ಲೇ ಹಾಕಬೇಕು, ಡಿಸ್‌ಪ್ಲೇ ಬಂದ ಮೇಲೆ ಸದ್ದು ಉಳಿಸಬೇಕು, ಆಮೇಲಷ್ಟೇ ಬ್ಯಾಟರಿ ಬದಲಿಸಬೇಕು.

ಎಸ್.ಪಿ. ರೋಡಿನಲ್ಲಿ 16 ಅಕ್ಷರದ ಎರಡು ಸಾಲಿನದ್ದು ಕೇಳಿದರೆ ಅಂಗಡಿ ಅಂಗಡಿಯಲ್ಲೂ ಕೊಡುತ್ತಾರೆ. 40 ಅಕ್ಷರದ್ದಕ್ಕೆ ಸ್ವಲ್ಪ ತಿರುಗಬೇಕಾಯಿತು, ಆದರೆ ಸಿಕ್ಕಿತು. ಮಾಲ್‌ನಲ್ಲಿ ಇಬ್ಬರು ಪಾಪ್‌ಕಾರ್ನ್ ತಿಂದು ಸಿನಿಮಾ ನೋಡುವಷ್ಟು ಖರ್ಚು. ಮೂವತ್ತೈದು ವರ್ಷದ ಹಿಂದೆ ಜಪಾನಿನಲ್ಲಿ ಜೋಡಿಸಿದ ವಾದ್ಯಕ್ಕೆ, ಇವತ್ತು ಬೇರೆಲ್ಲೋ ತಯಾರಾದ, ಸಿಂಥಸೈಜರ್ ಅನ್ನೋ ಹೆಸರೇ ಕೇಳಿರದ ಡಿಸ್‌ಪ್ಲೇ ಕೂರುತ್ತೆ. ಹದಿನಾಲ್ಕು ತಂತಿ: ಒಂದು ಗ್ರೌಂಡ್, ಒಂದು ಐದು ವೋಲ್ಟ್, ಒಂದು ಕಾಂಟ್ರಾಸ್ಟ್, ಮೂರು ಹಿಡಿತಕ್ಕೆ, ಎಂಟು ಅಕ್ಷರಗಳ ಸಾಗಾಟಕ್ಕೆ. ಸಾಲಿನ ಕ್ರಮ ಒಂದೊಂದು ಮಾಡ್ಯೂಲಿನಲ್ಲಿ ಬೇರೆ ಇರುತ್ತೆ. ಅದಕ್ಕೆ ಸರ್ವಿಸ್ ಮ್ಯಾನ್ಯುವಲ್ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ತಂತಿಯನ್ನು ಮಲ್ಟಿಮೀಟರಿನಲ್ಲಿ ನೋಡಿ ಬೆಸುಗೆ ಹಾಕಬೇಕು. ಹಳೇ ಇನ್ವರ್ಟರಿನ ತಂತಿ ಕಿತ್ತು, ಅದರ ತುದಿಗೆ ಇನ್ಸುಲೇಷನ್ ಸುತ್ತಿಡಬೇಕು. ಆ ನೂರು ವೋಲ್ಟ್ ಹೊಸ ಎಲ್‌ಇಡಿಗೆ ತಗುಲಿದರೆ ಕಥೆ ಮುಗಿಯಿತು. ಎಲ್‌ಇಡಿಗೆ ಐದು ವೋಲ್ಟಿನಿಂದ ಒಂದು ರೆಸಿಸ್ಟರ್ ಹಾಕಿ ದಾರಿ ಮಾಡಬೇಕು. ಕಾಂಟ್ರಾಸ್ಟ್‌ಗೆ ಹಳೆಯದು ಕೇಳುತ್ತಿದ್ದ ವೋಲ್ಟೇಜೇ ಬೇರೆ, ಹೊಸದು ಕೇಳೋದೇ ಬೇರೆ. ಅಲ್ಲೊಂದು ಪುಟ್ಟ ಪ್ರಿಸೆಟ್ ಸೇರಿಸಿದೆ.

ಆನ್ ಮಾಡಿದಾಗ ಮೇಲಿನ ಸಾಲಿನಲ್ಲಿ ಕಪ್ಪು ಇಟ್ಟಿಗೆಗಳು ಒಂದು ಕ್ಷಣ ನಿಂತವು. ವಾದ್ಯ ಇನ್ನೂ ಡಿಸ್‌ಪ್ಲೇ ಜೊತೆ ಮಾತು ಶುರು ಮಾಡಿಲ್ಲ ಅಂತ ಅರ್ಥ. ಮರುಕ್ಷಣ ಅಕ್ಷರ ಬಂದವು. ಚಿಕ್ಕಪ್ಪ ಕನ್ನಡಕ ಏರಿಸಿಕೊಂಡು ಒಂದೊಂದೇ ಹೆಸರು ಓದತೊಡಗಿದರು. ಒಂದಕ್ಕೆ ಬರೀ ಬನ್ನೂರು ಅಂತ ಇತ್ತು.

"ಇದ್ಯಾವುದು ಚಿಕ್ಕಪ್ಪ?"

"ಬನ್ನೂರಲ್ಲಿ ಪ್ರೋಗ್ರಾಂ ಇತ್ತು ಕಣೋ. ಹಾರ್ಮೋನಿಯಂನವನು ಕೈ ಕೊಟ್ಟ. ಸ್ಟೇಜ್ ಹಿಂದೆ ಕೂತು ಅರ್ಧ ಗಂಟೇಲಿ ಮಾಡಿದ್ದು. ಮರ್ತೇ ಹೋಗಿತ್ತು ನೋಡು."

ಅಷ್ಟು ವರ್ಷ ಆ ಸದ್ದು ಒಳಗೇ ಇತ್ತು. ಎಷ್ಟು ಸಲ ಒತ್ತಿದರೆ ಸಿಗುತ್ತೆ ಅನ್ನುವ ಲೆಕ್ಕ ಅವರಿಗೆ ಮರೆತಿತ್ತು, ಹೆಸರು ಓದಲು ಕಿಟಕಿ ಇರಲಿಲ್ಲ. ಅವತ್ತೇ ಸಂಜೆ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿದೆವು. ಇಡೀ ಮೂವತ್ತು ಸದ್ದು ಸೇರಿ ಫೋನಿನ ಒಂದು ಫೋಟೋದಷ್ಟೂ ಜಾಗ ತಿನ್ನಲಿಲ್ಲ. ಆಮೇಲೆ ಬ್ಯಾಟರಿ ಬದಲಾಯಿತು.

ಆ ಹೆಸರುಗಳೆಲ್ಲ ಇಂಗ್ಲಿಷ್ ಲಿಪಿಯಲ್ಲಿದ್ದವು. ಹತ್ತು ಅಕ್ಷರದೊಳಗೆ ಮುಗಿಸಬೇಕು ಅಂತ ಮೊಟಕಾಗಿಯೂ ಇದ್ದವು. ಈ ಡಿಸ್‌ಪ್ಲೇ ಚಿಪ್‌ನಲ್ಲಿ ಇಂಗ್ಲಿಷ್ ಜೊತೆ ಜಪಾನಿನ ಕಟಕಾನಾ ಅಕ್ಷರಗಳೂ ಹುಟ್ಟಿನಿಂದಲೇ ಇರುತ್ತವೆ. ಎಸ್.ಪಿ. ರೋಡಿನಲ್ಲಿ ಮಾರುವ ಎಷ್ಟೋ ಡಿಸ್‌ಪ್ಲೇಗಳಲ್ಲಿ ಇವತ್ತಿಗೂ ಅವು ಮಲಗಿವೆ. ಕನ್ನಡ ಇಲ್ಲ. ನಾವೇ ಬರೆದುಕೊಳ್ಳಲು ಎಂಟು ಅಕ್ಷರದ ಜಾಗ ಕೊಟ್ಟಿದ್ದಾರೆ, ಆದರೆ ಐದು ಚುಕ್ಕಿಯ ಅಗಲದಲ್ಲಿ ಒತ್ತಕ್ಷರ ಬರೆಯೋದು ಎಲ್ಲಿಂದ! ವಾಲಗದ ಸದ್ದು ಆ ಪೆಟ್ಟಿಗೆಗೆ ಬಂತು, ವಾಲಗ ಅನ್ನುವ ನಮ್ಮ ಅಕ್ಷರ ಬರಲಿಲ್ಲ.

ಹಾಗಿದ್ದರೂ ಆ ಚಿಪ್ ಬಗ್ಗೆ ನನಗೆ ಗೌರವ. ಯಾಕೆ ಅಂದರೆ, ಇದೇ ಮಾನದಂಡ ಆಗಬೇಕು ಅಂತ ಯಾವ ಸರ್ಕಾರವೂ ಆಜ್ಞೆ ಮಾಡಲಿಲ್ಲ. ಹಿಟಾಚಿ ತನ್ನ ಡೇಟಾಶೀಟಿನಲ್ಲಿ ಯಾವ ತಂತಿಗೆ ಏನು ಕೊಟ್ಟರೆ ಏನಾಗುತ್ತೆ ಅಂತ ಬಿಡಿಸಿ ಅಚ್ಚು ಹಾಕಿತು. ಸ್ಯಾಮ್‌ಸಂಗ್ ಸೇರಿದಂತೆ ಬೇರೆ ಕಂಪನಿಗಳು ಅದೇ ಥರ ನಡೆದುಕೊಳ್ಳುವ ಚಿಪ್ ಮಾಡಿದವು. ಫೋಟೋಕಾಪಿ ಮೆಷಿನ್, ಫ್ಯಾಕ್ಟರಿ ಯಂತ್ರ, ವಿದ್ಯಾರ್ಥಿಗಳ ಪ್ರಾಜೆಕ್ಟು, ಎಲ್ಲದಕ್ಕೂ ಅದೇ ಬೇಕಾದ್ದರಿಂದ ತಯಾರಿಕೆ ನಿಲ್ಲಲೇ ಇಲ್ಲ. ಹಳೇ ಸಿಂಥ್‌ಗಳು ಉಳಿದದ್ದು ಸಿಂಥ್ ಪ್ರೇಮಿಗಳಿಂದಷ್ಟೇ ಅಲ್ಲ, ಸಂಗೀತಕ್ಕೆ ಸಂಬಂಧವೇ ಇಲ್ಲದ ಈ ಸಾಮಾನ್ಯ ಬಳಕೆಯಿಂದ.

ಈಗಿನ ವಾದ್ಯಗಳಿಗೆ ಬಣ್ಣದ ಟಚ್‌ಸ್ಕ್ರೀನ್ ಬಂದಿದೆ. ನೋಡಲು ಚೆಂದ, ಬಳಸಲು ಸುಲಭ. ಆದರೆ ಅಂಥ ಪರದೆ ಎಷ್ಟೋ ಸಲ ಒಂದೇ ಮಾದರಿಗೆ ಅಂತ ಮಾಡಿಸಿದ್ದು. ಅದರ ಕನೆಕ್ಟರ್, ಅದರ ಡ್ರೈವರ್ ಚಿಪ್, ಅದರ ಸಾಫ್ಟ್‌ವೇರ್ ಎಲ್ಲ ಬೇರೆ ಬೇರೆ. ಆ ಪರದೆಯ ತಯಾರಿಕೆ ನಿಂತರೆ ವಾದ್ಯದ ಆಯಸ್ಸೂ ಅಲ್ಲಿಗೇ. ನಮ್ಮ ಕೇಂದ್ರ ಸರ್ಕಾರ 2022ರಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿದಾಗ ಗಮನ ಕೊಟ್ಟದ್ದು ಕೃಷಿ ಯಂತ್ರ, ಫೋನು ಮತ್ತು ಟ್ಯಾಬ್ಲೆಟ್, ಗೃಹೋಪಯೋಗಿ ಉಪಕರಣ, ವಾಹನಗಳಿಗೆ. ಅವು ಮೊದಲು ಬರಬೇಕಾದ್ದೇ. ಆದರೆ ಒಬ್ಬ ಮನುಷ್ಯ ಇಪ್ಪತ್ತು ವರ್ಷ ಕೂತು ಸದ್ದು ತುಂಬಿಟ್ಟ ಪೆಟ್ಟಿಗೆಯೂ ಆ ಸಾಲಿನಲ್ಲಿ ಎಲ್ಲೋ ಒಂದು ಕಡೆ ನಿಲ್ಲಬೇಕಲ್ಲವೇ?

ನಿಮ್ಮ ಮನೆಯ ಅಟ್ಟದ ಮೇಲೂ ಇಂಥ ಒಂದು ಕೀಬೋರ್ಡ್ ಇರಬಹುದು. ಅಣ್ಣನದೋ, ಮಾವನದೋ, ಕಾಲೇಜು ಬ್ಯಾಂಡಿನದೋ. ಇದ್ದರೆ ಈ ಶನಿವಾರ ಇಳಿಸಿ ಆನ್ ಮಾಡಿ ನೋಡಿ. ಅಕ್ಷರ ಮಂಕಾಗಿದ್ದರೂ ಓದಲು ಬರುತ್ತಿದ್ದರೆ, ಟಾರ್ಚ್ ಹಿಡಿದುಕೊಂಡಾದರೂ ಸರಿ, ಮೊದಲು ಒಳಗಿನ ಸದ್ದುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಡಿಸ್‌ಪ್ಲೇ ಅಂಗಡಿಯಲ್ಲಿ ಸಿಗುತ್ತೆ, ಬ್ಯಾಟರಿಯೂ ಸಿಗುತ್ತೆ. ಒಳಗಿರೋದು ಮಾತ್ರ ಎಲ್ಲೂ ಸಿಗೋದಿಲ್ಲ.